ಎರಡು ಕಚೇರಿ, ಒಂದು ಕುರ್ಚಿ

ಮಾರ್ಚ್ ೧೨, ಭಾನುವಾರ
ಊಟದ ಮೇಜು, ಕಿಟಕಿಯ ಪಕ್ಕ

ನೀರಿನ ಮೇಲೆ ಬಿಡಾರ ಹೂಡಿರುವ ನನ್ನ ಪುಟ್ಟಿಗೆ ಅಮ್ಮನ ಮುದ್ದು.

ನಡುಸಮುದ್ರದಲ್ಲಿ ನಿನ್ನ ಫೋನು ಅರ್ಧ ಮಾತು ನುಂಗಿ ಅರ್ಧ ಉಗುಳುತ್ತದೆ. ಹೋದ ಸಲ ನಾನು ಆಫೀಸಿನ ಗಲಾಟೆ ಮುಗಿಯಿತು ಎಂದರೆ ನೀನು ಯಾರಿಗೆ ಗಂಟಲು ನೋವು ಎಂದು ಕೇಳಿದೆ. ಅದಕ್ಕೇ ಮುಂದಿನ ಬಂದರಿನಲ್ಲಿ ನಿಮ್ಮ ಹಡಗಿನ ಏಜೆಂಟರಿಗೆ ಈ ಕಾಗದ ಕಳಿಸುತ್ತಿದ್ದೇನೆ. ಎಂಜಿನ್ ರೂಮಿನ ಎಣ್ಣೆ ಕೈ ತೊಳೆದುಕೊಂಡು, ಕಾಲು ಚಾಚಿ ಕೂತು ಓದು. ಉದ್ದವಿದೆ.

ಮೊದಲು ಮನೆಯ ಸುದ್ದಿ. ಅಜ್ಜಿ ಗಟ್ಟಿಮುಟ್ಟಾಗಿದ್ದಾರೆ. ಇಸ್ಪೀಟಿನಲ್ಲಿ ಮೋಸ ಮಾಡುವುದನ್ನು ಬಿಟ್ಟಿಲ್ಲ. ಕೈಗೆ ಸಿಕ್ಕಿಬಿದ್ದರೆ, ಈ ವಯಸ್ಸಿನಲ್ಲಿ ಕಣ್ಣು ಕಾಣಿಸಲ್ಲಮ್ಮಾ ಎಂದು ರಾಗ ಎಳೆಯುತ್ತಾರೆ. ಅಡುಗೆಮನೆಯ ನಲ್ಲಿ ಸೋರುವುದು ನಿಂತಿದೆ. ಯಾರು ಸರಿಮಾಡಿದರು ಎಂಬುದು ಆಮೇಲೆ ಬರುತ್ತದೆ. ನಾನು ಕೂದಲು ಚಿಕ್ಕದು ಮಾಡಿಸಿಕೊಂಡಿದ್ದೇನೆ. ಸೆಕೆ ಶುರುವಾಯಿತಲ್ಲ, ಅದಕ್ಕೆ.

ಇನ್ನು ಆಫೀಸು. ನಮ್ಮ ಲಿಫ್ಟ್ ಕಂಪನಿ ಇದೇ ಊರಿನಲ್ಲಿದ್ದ ಇನ್ನೊಂದು ಲಿಫ್ಟ್ ಕಂಪನಿಯನ್ನು ಕೊಂಡಿದ್ದು ನಿನಗೆ ಗೊತ್ತು. ನಮ್ಮ ಯಜಮಾನರು ಒಂದು ದೇಶದವರು, ಅವರ ಯಜಮಾನರು ಇನ್ನೊಂದು ದೇಶದವರು, ಸಹಿಯಾದದ್ದು ಮೂರನೆಯ ದೇಶದ ಯಾವುದೋ ಹೋಟೆಲಿನಲ್ಲಿ. ಎರಡೂ ಕಡೆಯ ಜನರನ್ನು ಒಂದೇ ಕಟ್ಟಡದಲ್ಲಿ ಕೂರಿಸುವ ಕೆಲಸ ಮಾತ್ರ ಇಲ್ಲಿ ನನ್ನ ತಲೆಗೆ ಬಂತು. ನನ್ನ ತಲೆಗೆ ಎಂದರೆ ಅರ್ಧ ಸುಳ್ಳು. ಆ ಕಂಪನಿಗೂ ಒಬ್ಬ ಎಚ್.ಆರ್. ಮುಖ್ಯಸ್ಥರಿದ್ದರು, ನನ್ನ ಹಾಗೆಯೇ ಇಪ್ಪತ್ತು ವರ್ಷ ಜನರ ರಜೆ, ಜಗಳ, ಬಡ್ತಿಗಳ ನಡುವೆ ಬೆಂದವರು. ನಮ್ಮ ಇಲಾಖೆಯ ಹುಡುಗಿಯರು ಅವರಿಗೆ 'ಪೂರ್ಣವಿರಾಮ' ಎಂದು ಹೆಸರಿಟ್ಟಿದ್ದರು. ಎರಡು ಕಂಪನಿಗಳ ರಜೆಯ ನಿಯಮಗಳನ್ನು ಹೇಗೆ ಹೊಂದಿಸೋಣ ಎಂದು ನಾನು ಮೂರು ಪುಟ ಈಮೇಲ್ ಬರೆದರೆ, "ಆಮೇಲೆ." ಎಂದು ಉತ್ತರ. ಸಂಬಳದ ದಿನ ಒಂದೇ ಮಾಡೋಣವೇ ಎಂದರೆ, "ಆಗದು." ದಯವಿಟ್ಟು ಕಾರಣ ತಿಳಿಸಿ ಎಂದರೆ, "ಸರಿ." ಆ 'ಸರಿ' ಬಂದ ಮೇಲೆ ಎರಡು ವಾರ ಕಾರಣದ ಸುಳಿವಿಲ್ಲ!

ಗುಡಾಣ ಹೊಟ್ಟೆಯ, ಹುಬ್ಬು ಗಂಟಿಕ್ಕಿದ ಮನುಷ್ಯನನ್ನು ನಾನು ಮನಸ್ಸಿನಲ್ಲಿ ಚಿತ್ರಿಸಿಕೊಂಡಿದ್ದೆ. ಬಂದವರು ಏಣಿಯಷ್ಟು ಉದ್ದ. ಕುರ್ಚಿಯಲ್ಲಿ ಕೂರುವುದಲ್ಲ, ಮಡಚಿಕೊಳ್ಳುತ್ತಾರೆ. ಕಟ್ಟಡದಲ್ಲಿ ಜಾಗ ಸಾಲದೆ ನಮ್ಮಿಬ್ಬರಿಗೂ ಒಂದೇ ಕೋಣೆ ಕೊಟ್ಟಿದ್ದರು. ನಾನು ಸ್ವಾಗತದ ಮಾತನ್ನು ಹಿಂದಿನ ದಿನವೇ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, "ಕಿಟಕಿ ತೆಗೀಲಾ?" ಎಂದರು. ಅಷ್ಟೇ.

ಹೊರಗೆ ಸ್ಥಿತಿ ಇನ್ನೂ ಚೆಂದ. ನಮ್ಮವರ ಕೊರಳಲ್ಲಿ ನೀಲಿ ದಾರದ ಗುರುತಿನ ಚೀಟಿ, ಅವರ ಕೊರಳಲ್ಲಿ ಹಸಿರು ದಾರ. ಊಟದ ಹಾಲಿನಲ್ಲಿ ನೀಲಿಯವರು ಗೋಡೆಯ ಕಡೆ, ಹಸಿರಿನವರು ಕಿಟಕಿಯ ಕಡೆ. ನಡುವಿನ ಮೇಜುಗಳು ಖಾಲಿ. ನಮ್ಮವರಿಗೆ ಎ.ಸಿ. ಬೇಕು, ಅವರಿಗೆ ಫ್ಯಾನು ಸಾಕು. ಕಾಫಿ ಮಶೀನು ಕೆಟ್ಟರೆ ಅದು ಅವರ ಕಡೆಯ ಮಶೀನು ಎಂದು ನಮ್ಮವರು, ಇವರು ಗುಂಡಿ ಒತ್ತಿದ ರೀತಿ ಸರಿಯಿಲ್ಲ ಎಂದು ಅವರು. ಬೀಗರ ಮನೆಯವರು ಒಂದೇ ಸೂರಿನಡಿ ತಿಂಗಳಿದ್ದರೆ ಹೇಗಿರುತ್ತದೆ ಎಂದು ಊಹಿಸಿಕೋ.

ಇಂಥದ್ದರಲ್ಲಿ ಹೆಡ್ಡಾಫೀಸಿನ ನಿರ್ದೇಶಕಿ ಒಂದು ಬೆಳಗ್ಗೆ ಪರದೆಯ ಮೇಲೆ ಬಂದು ಅಪ್ಪಣೆ ಕೊಟ್ಟರು. ಎಲ್ಲ ದೇಶಗಳಲ್ಲೂ ಒಂದೇ ನಿಯಮ. ಪ್ರತಿ ವಿಭಾಗದಲ್ಲೂ ಜನರನ್ನು ಕೆಲಸದ ಅಂಕದ ಪ್ರಕಾರ ಮೇಲಿನಿಂದ ಕೆಳಗೆ ಸಾಲಾಗಿ ಜೋಡಿಸಬೇಕು, ಹತ್ತಕ್ಕೊಬ್ಬರಂತೆ ಕೊನೆಯವರನ್ನು ಕಳಿಸಬೇಕು. ನಾವಿಬ್ಬರೂ ಸೇರಿ ಸಹಿ ಹಾಕಬೇಕು. ಅದಾದ ಮೇಲೆ ಒಂದು ಎಚ್.ಆರ್. ಇಲಾಖೆಗೆ ಒಬ್ಬರೇ ಮುಖ್ಯಸ್ಥರು. ಅಂದರೆ ನಮ್ಮಿಬ್ಬರಲ್ಲೂ ಒಬ್ಬರು ಗಂಟುಮೂಟೆ ಕಟ್ಟಬೇಕು. ಇದನ್ನು ಅವರು ಹವಾಮಾನ ವರದಿ ಓದುವಷ್ಟು ತಣ್ಣಗೆ ಹೇಳಿದರು.

ಆಗ ನಿನಗೆ ಹೇಳಲಿಲ್ಲ. ನೀನು ದೂರದಲ್ಲಿ ಕೂತು ಕಳವಳಪಟ್ಟರೆ ಲಾಭವೇನು? ಅಜ್ಜಿಗೂ ಹೇಳಲಿಲ್ಲ. ಆದರೆ ಅವರು ನನ್ನ ತಟ್ಟೆ ನೋಡಿಯೇ ಕಂಡುಹಿಡಿದರು.

ವಿಭಾಗದ ಮುಖ್ಯಸ್ಥರೆಲ್ಲ ತಮ್ಮ ತಮ್ಮ ಸಾಲು ಮಾಡಿ ಕಳಿಸಿದರು. ನಮ್ಮ ಕಡೆ ಕೊನೆಯಲ್ಲಿ ಯಾರಿದ್ದರು ಹೇಳು? ನಮ್ಮ ಗೊಣಗುಮಾಮ! ನೀನು ಚಿಕ್ಕವಳಿದ್ದಾಗ ಆಫೀಸಿಗೆ ಬಂದಿದ್ದೆಯಲ್ಲ, ನಿನ್ನ ಷೂ ಲೇಸು ಕಟ್ಟಿದ ರೀತಿ ತಪ್ಪು ಎಂದು ಬಿಚ್ಚಿಸಿ ಮತ್ತೆ ಕಟ್ಟಿಸಿದವರು. ಲಿಫ್ಟ್ ಕಂಪನಿಯ ಲಿಫ್ಟೇ ನಿಧಾನ ಎಂದು ದೂರು, ಮೆಟ್ಟಿಲಿನ ಕಟಕಟೆಯ ಸಂದು ದೊಡ್ಡದು ಎಂದು ದೂರು, ಸೂಚನಾ ಫಲಕದಲ್ಲಿ ನನ್ನ ಫೋಟೊ ನಗುತ್ತಿದೆ, ಸುತ್ತೋಲೆಯ ವಿಷಯಕ್ಕೆ ಅದು ಹೊಂದುವುದಿಲ್ಲ ಎಂದೂ ಒಂದು ದೂರು. ನಿಜ ಹೇಳಬೇಕೆಂದರೆ ಆ ಸಾಲಿನ ಕೊನೆಯಲ್ಲಿ ಅವರ ಹೆಸರು ನೋಡಿ ನನಗೆ ಒಂದು ಗಳಿಗೆ ಹಾಯೆನಿಸಿತು. ಮರುಗಳಿಗೆ ಅವರ ಹೆಂಡತಿಯ ಮುಖ ನೆನಪಾಗಿ ಆ ಕಾಗದವನ್ನು ಮಗುಚಿಟ್ಟೆ.

ಹಸಿರು ದಾರದವರ ಕಡೆ ಕೊನೆಯಲ್ಲಿದ್ದವಳು ನಕ್ಷೆ ಬರೆಯುವ ಒಬ್ಬ ಹುಡುಗಿ. ಹೆರಿಗೆ ರಜೆ ಮುಗಿಸಿ ಆಗಷ್ಟೇ ಮರಳಿದ್ದಳು. ಪೂರ್ಣವಿರಾಮ ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, "ಆರು ತಿಂಗಳು ಕೆಲಸಕ್ಕೇ ಬಂದಿಲ್ಲದವಳಿಗೆ ಕೆಲಸದ ಅಂಕ ಹೆಂಗ್ರೀ ಕೊಟ್ರು?" ಎಂದರು. ಅವರ ಬಾಯಿಂದ ನಾನು ಕೇಳಿದ ಮೊದಲ ಪೂರ್ತಿ ವಾಕ್ಯ ಅದು. ಮಾತು ನಡುವೆ ಎರಡು ಸಲ ತೊಡರಿತು. ಆಗ ನನಗೆ ಹೊಳೆಯಿತು, ಪುಟ್ಟಿ. ಅದು ಸೊಕ್ಕಲ್ಲ, ತೊದಲು. ಆಮೇಲೆ ಒಂದು ದಿನ ಅವರೇ ಹೇಳಿದರು, ಸ್ಕೂಲಿನಲ್ಲಿ ಎಲ್ಲರೂ ನಗುತ್ತಿದ್ದರಂತೆ. ಮಾತು ಚಿಕ್ಕದಾದಷ್ಟೂ ಎಡವುವುದು ಕಡಿಮೆ. ಆ ಅಭ್ಯಾಸ ಬರವಣಿಗೆಗೂ ಹತ್ತಿಕೊಂಡಿತಂತೆ.

ಆ ದಿನ ನಾವು ಮೊದಲ ಸಲ ಜಗಳವಾಡದೆ ಕೂತೆವು. ಜಗಳವಾಡಿಯೂ ಕೂತೆವು ಅನ್ನು. ಇದು ಅನ್ಯಾಯ ಎಂದು ನಿರ್ದೇಶಕಿಗೆ ಬರೆಯೋಣ ಎಂದು ನಾನು. ಅನ್ಯಾಯ ಅಂದ್ರೆ ಅವರಿಗೆ ಅರ್ಥ ಆಗಲ್ಲ, ನಷ್ಟ ಅಂದ್ರೆ ಆಗುತ್ತೆ ಎಂದು ಅವರು. ನಿಮಗೆ ಹೃದಯ ಇಲ್ಲ ಎಂದೆ. ಇದೆ, ಸಹಿ ಹಾಕೋಕೆ ಬಳಸಲ್ಲ ಎಂದರು. ಆಮೇಲೆ ತಮ್ಮ ಕಂಪ್ಯೂಟರ್ ಪರದೆಯನ್ನು ನನ್ನ ಕಡೆ ತಿರುಗಿಸಿ, "ನೋಡಿ" ಎಂದರು.

ಅದು ನಮ್ಮದೇ ಕಂಪನಿಯ ಬೇರೆ ದೇಶಗಳ ಶಾಖೆಗಳಲ್ಲಿ ಖಾಲಿಯಿದ್ದ ಕೆಲಸಗಳು. ಒಂದು ಕಡೆ ನಕ್ಷೆಯವರು ಬೇಕು, ಇನ್ನೊಂದು ಕಡೆ ಬಾಗಿಲು ಜೋಡಿಸುವವರು, ಮತ್ತೊಂದು ಕಡೆ ತಪಾಸಣೆಯವರು. ಜಾಹೀರಾತು ಕೊಟ್ಟು ಕೊಟ್ಟು ಸುಸ್ತಾಗಿ ಕೂತಿದ್ದಾರೆ. ನಮ್ಮ ಎಡಗೈ ಹೊರಗೆ ತಳ್ಳುವವರನ್ನೇ ಬಲಗೈ ಲಾಂದ್ರ ಹಿಡಿದು ಹುಡುಕುತ್ತಿದೆ! ಎರಡೂ ಕೈ ಒಂದೇ ಮೈಗೆ ಸೇರಿದ್ದು ಎಂದು ಯಾರಿಗೂ ತಿಳಿದಿಲ್ಲ, ಯಾಕೆಂದರೆ ಪ್ರತಿ ದೇಶದ ಎಚ್.ಆರ್. ತನ್ನ ಬಾವಿಯೊಳಗೇ ಇಣುಕುತ್ತಿತ್ತು.

ಅಲ್ಲಿಂದ ಶುರುವಾಯಿತು ನೋಡು ನಮ್ಮ ದಲ್ಲಾಳಿ ಕೆಲಸ. ಅವರು ಹುಡುಕುವುದು, ನಾನು ಮಾತಾಡುವುದು. ಒಂದು ದೇಶಕ್ಕೆ ಶುಭೋದಯ ಎಂದರೆ ಅಲ್ಲಿಯವರು ಹಾಸಿಗೆ ಹಾಸುತ್ತಿರುತ್ತಿದ್ದರು. ಶಾಖೆಯವರ ಪ್ರಶ್ನೆಗಳೂ ಗಂಡು ನೋಡಲು ಬಂದವರ ಹಾಗೆಯೇ. ಕೋಪ ಜಾಸ್ತಿಯಾ? ಹಿಂದಿನ ಕಡೆ ಯಾಕೆ ಬಿಟ್ಟರು? ಹೊಂದಿಕೊಂಡು ಹೋಗ್ತಾರಾ? ನಾನು ಎದುರಿನವರಿಗೆ ಉತ್ತರಿಸುವಾಗ ಪೂರ್ಣವಿರಾಮ ಪಕ್ಕದಲ್ಲಿ ಚೀಟಿ ಬರೆದು ತಳ್ಳುತ್ತಿದ್ದರು: "ಹೊಗಳಿಕೆ ಸಾಕು." ನಾನು ನಗು ತಡೆಯಲಾಗದೆ ಕೆಮ್ಮುತ್ತಿದ್ದೆ.

ಗೊಣಗುಮಾಮನಿಗೆ ದೂರದ ಒಂದು ದೇಶದಲ್ಲಿ ಸುರಕ್ಷತಾ ತಪಾಸಣೆಯ ಕೆಲಸ ಸಿಗಬಹುದು ಎಂದಾಗ ಅವರು, ಆ ದೇಶದ ನಕಾಶೆಯೇ ಸರಿಯಿಲ್ಲ ಎಂದರು. ಅವರ ಹೆಂಡತಿ, ಬ್ರೆಡ್ ಅಂಗಡಿ ನಡೆಸುತ್ತಾರಲ್ಲ, ಬಿಸಿ ಬ್ರೆಡ್ಡಿನ ಪೊಟ್ಟಣ ಹಿಡಿದು ಆಫೀಸಿಗೇ ಬಂದರು. "ಇಪ್ಪತ್ತೈದು ವರ್ಷದಿಂದ ಇದೇ ನಲ್ಲಿ, ಇದೇ ಬಾಗಿಲು ಬೈಯ್ತಾ ಕೂತಿದೀರಿ. ಅಲ್ಲಿಗೆ ಹೋದ್ರೆ ಬೈಯೋಕಾದ್ರೂ ಹೊಸ ಸಾಮಾನು ಸಿಗುತ್ತೆ. ಒಲೆ ಎಲ್ಲಿದ್ರೂ ಬ್ರೆಡ್ ಉಬ್ಬುತ್ತೆ, ನಡೀರಿ" ಎಂದರು. ಆಯಮ್ಮ ಹೋದ ಮೇಲೆ ಮಾಮ ಮೆಲ್ಲಗೆ, ಸಂದರ್ಶನ ಎಷ್ಟು ಹೊತ್ತಿಗೆ ಎಂದು ಕೇಳಿದರು.

ಸಂದರ್ಶನದ ದಿನ ಪರದೆಯಲ್ಲಿ ಮೂವರು ಗಂಭೀರವಾಗಿ ಕೂತಿದ್ದರು. ನಾವಿಬ್ಬರೂ ಕ್ಯಾಮೆರಾಕ್ಕೆ ಕಾಣದಂತೆ ಬಾಗಿಲ ಬಳಿ ಉಸಿರು ಬಿಗಿಹಿಡಿದು ನಿಂತಿದ್ದೆವು. ನಿಮ್ಮ ಬಗ್ಗೆ ಹೇಳಿ ಎಂದು ಅವರು ಕೇಳಿದರು. ಮಾಮ ಕನ್ನಡಕ ಏರಿಸಿ ಪರದೆಯನ್ನೇ ದಿಟ್ಟಿಸಿ, "ನನ್ ವಿಷ್ಯ ಇರಲಿ. ನಿಮ್ ಹಿಂದೆ ಬೆಂಕಿ ಆರಿಸೋ ಸಿಲಿಂಡರ್ ಇದೆಯಲ್ಲ, ಅದರ ಮೇಲೆ ಯಾರ್ರೀ ಕೋಟು ನೇತಾಕಿದ್ದು? ಬೆಂಕಿ ಬಿದ್ರೆ ಮೊದ್ಲು ಕೋಟು ಉಳಿಸ್ತೀರೋ ಜನಾನ ಉಳಿಸ್ತೀರೋ?" ಎಂದರು. ನಾನು ಕಣ್ಣು ಮುಚ್ಚಿಕೊಂಡೆ. ಮುಗಿಯಿತು ಅಂದುಕೊಂಡೆ. ಕಣ್ಣು ಬಿಟ್ಟಾಗ ಮೂವರೂ ಹಿಂದೆ ತಿರುಗಿದ್ದರು. ಒಬ್ಬರು ಎದ್ದು ಕೋಟು ತೆಗೆದರು. ಅದು ಅವರದೇ ಕೋಟು! ಮೊದಲು ಒಬ್ಬರು ನಕ್ಕರು, ಆಮೇಲೆ ಮೂವರೂ. ಯಾವಾಗ ಬರ್ತೀರಿ ಎಂದು ಕೇಳಿದರು. ಆದೇಶದ ಪ್ರತಿ ಬಂದ ಮೇಲೆ ಅದರ ಅಕ್ಷರ ಚಿಕ್ಕದಾಯಿತು ಎಂದು ಮಾಮ ದೂರಿದರು ಎಂಬುದನ್ನು ಬೇರೆ ಹೇಳಬೇಕೆ?

ಹೀಗೆ ಒಂದೊಂದೇ ಸಂಬಂಧ ಕುದುರುತ್ತಾ ಹೋಯಿತು. ಅಷ್ಟರಲ್ಲಿ ನಿರ್ದೇಶಕಿ ಖುದ್ದಾಗಿ ಬರುತ್ತಾರೆ, ಸಹಿಯಾದ ಪಟ್ಟಿ ಅವರ ಕೈಗೇ ಕೊಡಬೇಕು ಎಂದು ಸುದ್ದಿ ಬಂತು.

ಪುಟ್ಟಿ, ಆ ಸಭೆಯ ದಿನ ನನ್ನ ಮಾತು ನನಗೇ ಕೈಕೊಟ್ಟಿತು. ಜೀವನಪೂರ್ತಿ ಬಾಯಿಂದಲೇ ಬದುಕಿದವಳು ನಾನು. ಆದರೂ ನಿರ್ದೇಶಕಿ ಎದುರಿಗೆ ಕೂತು ಗಡಿಯಾರ ನೋಡಿದಾಗ, ಹೇಳಬೇಕಾದದ್ದೆಲ್ಲ ಒಟ್ಟಿಗೇ ಬಾಗಿಲಿಗೆ ನುಗ್ಗಿ ಸಿಕ್ಕಿಹಾಕಿಕೊಂಡಿತು. ಒಬ್ಬರ ಮಗು, ಇನ್ನೊಬ್ಬರ ಹೆಂಡತಿ, ಇಪ್ಪತ್ತೈದು ವರ್ಷದ ದುಡಿಮೆ, ಎಲ್ಲ ಕಲಸುಮೇಲೋಗರ. ಇಷ್ಟೇನಾ ಎಂದು ಅವರು ಕೇಳಿದರು.

ಆಗ ಪಕ್ಕದಲ್ಲಿ ಮಡಚಿಕೊಂಡಿದ್ದ ಮನುಷ್ಯ ಎದ್ದು ನಿಂತರು.

ಅಷ್ಟು ಜನರ ಎದುರು ಅವರು ಮಾತಾಡಿದ್ದನ್ನು ಅವರ ಕಡೆಯವರೂ ಎಂದೂ ಕಂಡಿರಲಿಲ್ಲವಂತೆ. ಮೊದಲ ಪದವೇ ಸಿಕ್ಕಿಕೊಂಡಿತು. ಯಾರೋ ಆ ಪದವನ್ನು ಮುಗಿಸಿಕೊಡಲು ಹೋದರು. ಅವರು ಕೈಯೆತ್ತಿ ತಡೆದರು, ತಾವೇ ಮುಗಿಸಿದರು. ಎಡವಿದಲ್ಲೆಲ್ಲ ನಿಂತು, ಕಾದು, ಮತ್ತೆ ಹೊರಟರು. ಈ ಪಟ್ಟಿಗೆ ನಾವಿಬ್ಬರೂ ಸಹಿ ಹಾಕಲ್ಲ ಎಂದರು. "ಕೆಲಸ ಇಲ್ಲ ಅಂತ ಇಲ್ಲಿಂದ ಕಳಿಸ್ತಿರೋ ಜನಾನೇ, ಜನ ಇಲ್ಲ ಅಂತ ನೀವು ಅಲ್ಲಿ ಹುಡುಕ್ತಿದೀರಿ. ಹೊಸಬರು ನಮ್ಮ ಕೆಲಸ ಕಲಿಯೋಕೆ ವರ್ಷ ಬೇಕು. ಇವರಿಗೆ ಒಂದು ಟಿಕೆಟ್ ಸಾಕು" ಎಂದರು. ಯಾರು ಎಲ್ಲಿಗೆ, ಯಾವ ಶಾಖೆ ಒಪ್ಪಿದೆ, ಎಲ್ಲವನ್ನೂ ಒಬ್ಬೊಬ್ಬರ ಹೆಸರು ಹಿಡಿದು ಹೇಳಿದರು. ಆ ಕೋಣೆಯಲ್ಲಿ ಯಾರೂ ನಗಲಿಲ್ಲ. ಪ್ರತಿ ಪದ ದಾಟಿದಾಗಲೂ ನಾನೇ ಒಂದು ಮೆಟ್ಟಿಲು ಹತ್ತಿದ ಹಾಗೆ.

ನಿರ್ದೇಶಕಿ ಕರಗುವ ಹೆಂಗಸಲ್ಲ. ಪೆನ್ನಿನ ಮುಚ್ಚಳ ಹಾಕಿ, "ಕರುಣೆ ಕೇಳಿದ್ರೆ ಇಲ್ಲ ಅಂತಿದ್ದೆ. ಇದು ವ್ಯವಹಾರ" ಎಂದರು. ನಮ್ಮ ಕಚೇರಿಗೆ ಈ ಸಾಲು ಹಚ್ಚುವ ನಿಯಮ ಬೇಡ, ಆರು ತಿಂಗಳು ನಿಮ್ಮ ದಾರಿಯಲ್ಲಿ ನಡೆಸಿ ತೋರಿಸಿ ಎಂದರು. ಮಗುವಿನ ತಾಯಿಯ ಅಂಕ ಹೊಸದಾಗಿ ಆಗಬೇಕು ಎಂದೂ ಬರೆಸಿದರು. ಅವಳು ಈಗ ಇಲ್ಲೇ ಇದ್ದಾಳೆ. ಮೊನ್ನೆ ಮಗುವನ್ನು ತೋರಿಸಲು ಕರೆತಂದಾಗ ನೀಲಿ ದಾರದವರೂ ಹಸಿರು ದಾರದವರೂ ಎತ್ತಿಕೊಳ್ಳಲು ಸಾಲು ನಿಂತಿದ್ದರು. ಮಗು ಎರಡೂ ಬಣ್ಣದ ದಾರಗಳನ್ನು ಸಮನಾಗಿ ಚೀಪಿತು.

ಎಲ್ಲರ ಕಥೆಯೂ ಹೀಗೆ ಮುಗಿಯಲಿಲ್ಲ. ವಿನ್ಯಾಸದ ಹಿರಿಯರೊಬ್ಬರು, ಹಾಸಿಗೆ ಹಿಡಿದ ಅಣ್ಣನನ್ನು ಬಿಟ್ಟು ಎಲ್ಲಿಗೂ ಹೋಗಲಾರೆ ಎಂದು ಪರಿಹಾರ ತೆಗೆದುಕೊಂಡು ಹೊರಟರು. ಸಿಳ್ಳೆ ಹಾಕುತ್ತಾ ತಮ್ಮ ಡ್ರಾಯರ್ ಖಾಲಿ ಮಾಡುತ್ತಿದ್ದರು. ನನಗೆ ಆ ಕಡೆ ನೋಡಲಾಗಲಿಲ್ಲ. ಅವರಿಗೆ ಊರಿನಲ್ಲೇ ಏನಾದರೂ ಹುಡುಕಬೇಕು, ನಾವಿಬ್ಬರೂ ಹುಡುಕುತ್ತಿದ್ದೇವೆ.

ಇನ್ನು ಉಳಿದದ್ದು ಆ ಒಂದು ಕುರ್ಚಿ. ನಿರ್ದೇಶಕಿ ನಮ್ಮನ್ನು ಒಬ್ಬೊಬ್ಬರನ್ನೇ ಕರೆದು, ಮುಖ್ಯಸ್ಥರಾಗಿ ಯಾರಿರಬೇಕು ಎಂದು ಕೇಳಿದರು. ನಾನು ಅವರ ಹೆಸರು ಹೇಳಿದೆ. ಜನರನ್ನು ಉಳಿಸುವ ದಾರಿ ಕಂಡದ್ದು ಅವರಿಗೆ, ಬರಿ ಬಾಯಿ ಮಾಡಿದ್ದು ನಾನು. ಅವರು ಒಳಗೆ ಹೋಗಿ ನನ್ನ ಹೆಸರು ಹೇಳಿಬಂದಿದ್ದರು. ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಆಯಮ್ಮ, "ಕುರ್ಚಿಗೆ ಕಿತ್ತಾಡೋರನ್ನ ಬೇಕಾದಷ್ಟು ನೋಡಿದೀನಿ. ಕುರ್ಚಿನ ಆಚೆ ಈಚೆ ತಳ್ಳೋರನ್ನ ಇವತ್ತೇ ನೋಡಿದ್ದು. ನಿಮ್ಮಿಬ್ಬರಿಗೂ ಮೈ ಹುಷಾರಿದೆ ತಾನೆ?" ಎಂದು ನಮ್ಮ ಮುಖಗಳನ್ನು ಒಂದಾದ ಮೇಲೊಂದು ನೋಡಿದರು. ನನ್ನ ಕಿವಿ ಯಾಕೋ ಬಿಸಿಯಾಯಿತು. ಕೋಣೆಯಲ್ಲಿ ಎ.ಸಿ. ಇರಲಿಲ್ಲ.

ಕೊನೆಗೆ ತೀರ್ಮಾನವಾದದ್ದು ಹೀಗೆ. ಇಲ್ಲಿಯ ಕುರ್ಚಿ ಅವರಿಗೆ. ನನಗೆ ಹೊಸ ಕೆಲಸ: ಎಲ್ಲ ದೇಶಗಳ ಶಾಖೆಗಳ ನಡುವೆ ಜನರಿಗೆ ಜಾಗ, ಜಾಗಕ್ಕೆ ಜನ ಹುಡುಕುವುದು. ಅದಕ್ಕೆ ಮಾತಾಡುವವರೇ ಬೇಕಂತೆ. ತಿಂಗಳಲ್ಲಿ ಅರ್ಧ ಓಡಾಟ. ನಿನ್ನ ಹಡಗು ನಿಲ್ಲುವ ಯಾವುದೋ ಬಂದರಿನಲ್ಲಿ ನೀನೂ ನಾನೂ ಎದುರಾದರೂ ಆಶ್ಚರ್ಯವಿಲ್ಲ!

ನಿನ್ನಪ್ಪ ಹೋದ ಮೇಲೆ ನಾನು ಈ ಊರಿನ ಗಡಿ ದಾಟಿಲ್ಲ. ಅಜ್ಜಿಯನ್ನು ಒಂಟಿ ಬಿಟ್ಟು ಹೇಗೆ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅಜ್ಜಿಗೆ ವಿಷಯ ತಿಳಿಸಿದಾಗ, "ನನ್ನ ಹೆಸರು ಹೇಳಿಕೊಂಡು ನೀನು ಮನೇಲಿ ಕೂತಿದ್ದು ಸಾಕು" ಎಂದರು. ಮತ್ತೆ ಶನಿವಾರ ಶನಿವಾರ ಅವರ ಹೊತ್ತು ಕಳೆಯಲು ಜನವಿದೆ. ನಲ್ಲಿ ಸರಿಮಾಡಿದವರು ಪೂರ್ಣವಿರಾಮ. ಫೈಲು ಕೊಡಲು ಬಂದವರು ನಲ್ಲಿಯ ಸದ್ದು ಕೇಳಿ ಅಂಗಿಯ ತೋಳು ಮಡಚಿ ರಿಪೇರಿಗೆ ನಿಂತರು. ಅಜ್ಜಿ ಇಸ್ಪೀಟಿಗೆ ಕೂರಿಸಿದರು. ಅಂದಿನಿಂದ ಪ್ರತಿ ಶನಿವಾರ ಬಂದು ಅಜ್ಜಿಯ ಕೈಲಿ ಸೋತು ಹೋಗುತ್ತಾರೆ. ಅಜ್ಜಿಗೆ ಬೇಸರ ಕಳೆಯಲಿ ಎಂದು ಬರುತ್ತಾರೆ, ಅಷ್ಟೇ. ಒಳ್ಳೆಯ ಮನುಷ್ಯ. ಒಂಟಿ ಜೀವ. ನಾನು ಮಾಡುವ ಕಾಫಿ ಅವರಿಗೆ ಹಿಡಿಸುತ್ತದೆ.

ಇನ್ನೂ ಏನೋ ಬರೆಯಬೇಕು ಅಂದುಕೊಂಡಿದ್ದೆ. ಪುಟದಲ್ಲಿ ಜಾಗ ಸಾಲದು. ಹೊತ್ತುಹೊತ್ತಿಗೆ ಊಟ ಮಾಡು, ಎಂಜಿನ್ ರೂಮಿಗೆ ಹೋಗುವಾಗ ಕಿವಿಗೆ ಹತ್ತಿ ಇಟ್ಟುಕೋ, ನಿನ್ನ ಮುಖ್ಯ ಎಂಜಿನಿಯರ್ ಕಿರುಚಿದರೆ ನಕ್ಕುಬಿಡು.

ನಿನ್ನ ದಾರಿ ಕಾಯುವ,
ಅಮ್ಮ

ತಾ.ಕ.: ಪುಟ್ಟೀ, ಇದು ಅಜ್ಜಿ. ಲಕೋಟೆ ಅಂಟಿಸೋಕೆ ಕೊಟ್ಟಿದ್ದಾಳೆ, ಓದದೆ ಅಂಟಿಸೋಕೆ ನಾನೇನು ಪೋಸ್ಟಾಫೀಸೇ? ಇಷ್ಟುದ್ದ ಬರೆದವಳು ಮುಖ್ಯವಾದದ್ದನ್ನೇ ಬರೆದಿಲ್ಲ. ಜಾಗ ಇಲ್ಲವಂತೆ, ನೋಡು, ನನಗೇ ಅರ್ಧ ಪುಟ ಸಿಕ್ಕಿದೆ. ಆ ಉದ್ದನೆಯವನು ಹೋದ ಶನಿವಾರ ನನ್ನ ಎಡಗಡೆ ಕೂತು, ಬೆವರು ಒರೆಸಿಕೊಳ್ತಾ ಏನೋ ಹೇಳಿದ. ನನಗೆ ಆ ಕಿವಿ ಕೇಳಿಸಲ್ಲ. ಮುಖ ನೋಡಿದ್ರೇ ಗೊತ್ತಾಯ್ತು ಅನ್ನು, ಆದ್ರೂ ಬಲಗಡೆ ಬಾ, ಮೊದಲಿಂದ ಹೇಳು ಅಂದೆ. ಪಾಪ, ಮತ್ತೆ ಮೊದಲಿಂದ ಹೇಳಿದ. ಒಂದು ಪದಾನೂ ಬಿಡಲಿಲ್ಲ. ನನ್ನ ಸೊಸೇನ ಮದುವೆ ಆಗ್ತಾನಂತೆ, ನಾನು ಹೂಂ ಅಂದ್ರೆ ಮಾತ್ರ. ನಾನು ಹೂಂ ಅಂದೆ. ನಿನ್ನಮ್ಮ ಅಡುಗೆಮನೆ ಬಾಗಿಲ ಹಿಂದೆ ನಿಂತು ಅಳ್ತಾ ನಗ್ತಿದ್ಲು. ಅವಳಿಗೆ ನೀನು ಏನನ್ನುತ್ತೀಯೋ ಅಂತ ಅಂಜಿಕೆ, ಅದಕ್ಕೇ ಬಾಯಿ ಬಿಟ್ಟಿಲ್ಲ. ನನ್ನ ಮಗ ಎಲ್ಲಿದ್ರೂ ಇವಳು ಒಂಟಿ ಇರೋದನ್ನ ಸಹಿಸಲ್ಲ. ದಡ ಮುಟ್ಟಿದ ಕೂಡಲೇ ಫೋನು ಮಾಡು, ರಜ ಬರೆದುಕೊಂಡು ಬಾ. ಹೆಣ್ಣಿನ ಕಡೆಯವರು ಅಂತ ಇರೋದು ನಾನು, ನೀನು.